‘ನಿಮ್ಮಪ್ಪನಿಗೆ ಹೇಳ್ತೀನಿ’ ಅನ್ನುವ ಬೆದರಿಕೆ

ಮಕ್ಕಳನ್ನು ಬಳಸಿಕೊಳ್ಳುವವರ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರ ಯಾವುದನ್ನೂ ಇಲ್ಲಿ ಉಳಿಸಿಲ್ಲ.

ಪ್ರಶ್ನೆ: ಮಗನಿಗೆ 14 ವರ್ಷ. ಮಧ್ಯರಾತ್ರಿ ದಾಟಿದರೂ ಎದ್ದೇ ಇರುತ್ತಾನೆ. ನನ್ನ ಪರ್ಸಿನಿಂದ ದುಡ್ಡು ತೆಗೆದದ್ದೂ ಗೊತ್ತಾಗಿದೆ. ನಿನ್ನೆ ಅವನ ಫೋನಿನಲ್ಲಿ ‘ಇವತ್ತು ಕಳಿಸಲಿಲ್ಲ ಅಂದ್ರೆ ಫೋಟೊ ನಿನ್ನ ಕ್ಲಾಸಿನವರಿಗೆಲ್ಲ ಹೋಗುತ್ತೆ, ನಿಮ್ಮಪ್ಪನಿಗೂ’ ಅನ್ನುವ ಮೆಸೇಜ್ ಕಣ್ಣಿಗೆ ಬಿತ್ತು. ಯಜಮಾನರಿಗೆ ಹೇಳಿದರೆ ಫೋನ್ ಒಡೆದು ಹಾಕುತ್ತಾರೆ, ಅವನಿಗೂ ನಾಲ್ಕು ಬೀಳುತ್ತದೆ. ಏನು ಮಾಡಲಿ?

ಉತ್ತರ: ಇವತ್ತೇ ಮಾತಾಡಿ. ಪರೀಕ್ಷೆ ಮುಗಿಯಲಿ, ಭಾನುವಾರ ಬರಲಿ ಅಂತ ಕಾಯಬೇಡಿ. ಇಂಥ ಬೆದರಿಕೆಗೆ ಸಿಕ್ಕಿಕೊಂಡ ಹುಡುಗರು ಕೆಲವೇ ಗಂಟೆಗಳಲ್ಲಿ ಜೀವ ಕಳೆದುಕೊಂಡದ್ದೂ ಇದೆ. ಹಾಗಾಗಿ ಒಂದಷ್ಟು ದಿನ ರಾತ್ರಿ ಅವನನ್ನು ಒಬ್ಬನೇ ಮಲಗಲು ಬಿಡಬೇಡಿ. ಸಾಯುವ ಮಾತು ಬಂದರೆ ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇದು ನಡೆಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಆಟದಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಅವನದೇ ವಯಸ್ಸಿನ ಹುಡುಗಿಯೊಬ್ಬಳ ಪರಿಚಯವಾಗುತ್ತದೆ. ‘ಇಲ್ಲಿ ಬೇಡ, ಬೇರೆ ಆ್ಯಪಿಗೆ ಬಾ’ ಅನ್ನುತ್ತಾಳೆ. ತಾನೇ ಮೊದಲು ಒಂದು ಖಾಸಗಿ ಫೋಟೊ ಕಳಿಸುತ್ತಾಳೆ, ಅದು ಯಾರದೋ, ಅಥವಾ ಕಂಪ್ಯೂಟರಿನಲ್ಲಿ ತಯಾರಾದ, ಯಾರದೂ ಅಲ್ಲದ್ದು. ಇವನು ಒಂದು ಕಳಿಸಿದ ಕೂಡಲೇ ಹುಡುಗಿ ಮಾಯ. ಇವನ ಗೆಳೆಯರ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ, ಜೊತೆಗೆ ದುಡ್ಡಿನ ಲೆಕ್ಕ. ಆ ಕಡೆ ಇರುವವರು ದೊಡ್ಡವರು, ಎಷ್ಟೋ ಸಲ ಒಂದು ಗುಂಪೇ ಇರುತ್ತದೆ, ಒಂದೇ ಹೊತ್ತಿಗೆ ಹತ್ತಾರು ಹುಡುಗರ ಜೊತೆ ಇದೇ ಮಾತು ನಡೆಸುತ್ತಿರುತ್ತಾರೆ. ದುಡ್ಡಿಗಾಗಿ ನಡೆಯುವ ಈ ಬ್ಲ್ಯಾಕ್‌ಮೇಲ್‌ಗೆ ಹೆಚ್ಚಾಗಿ ಸಿಗುವುದು 14ರಿಂದ 17 ವರ್ಷದ ಹುಡುಗರು ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳುತ್ತದೆ. ನಾವು ಹೆಣ್ಣುಮಕ್ಕಳನ್ನಷ್ಟೇ ಕಾಯುತ್ತಾ ಕೂತಿರುತ್ತೇವೆ, ಅಲ್ವಾ?

ಆ ಮೆಸೇಜಿನ ಕೊನೆ ನೋಡಿ: ‘ನಿಮ್ಮಪ್ಪನಿಗೂ’. ಅವರ ವ್ಯಾಪಾರ ನಡೆಯುವುದೇ ಅದರ ಮೇಲೆ. ಅಪ್ಪನ ಏಟಿನ ಭಯ ಎಷ್ಟು ಜಾಸ್ತಿಯೋ ಅವರಿಗೆ ಅಷ್ಟು ಲಾಭ. ಅದಕ್ಕೇ ಮೊದಲು ಯಜಮಾನರ ಹತ್ತಿರ ಮಾತಾಡಿ, ಮಗ ಇಲ್ಲದ ಹೊತ್ತಿನಲ್ಲಿ. ಅವರು ಕೂಗಾಡುವುದಿದ್ದರೆ ನಿಮ್ಮೆದುರಿಗೇ ಕೂಗಾಡಿ ಮುಗಿಸಲಿ. ಆಮೇಲೆ ಮಗನಿಗೆ ಇಷ್ಟು ಹೇಳಿ: ‘ಮೆಸೇಜ್ ನೋಡಿದೆ. ನಿನ್ನ ಮೇಲೆ ಕೋಪ ಇಲ್ಲ. ಅಪ್ಪನಿಗೂ ಗೊತ್ತು. ಮೂವರೂ ಸೇರಿ ಸರಿಮಾಡೋಣ.’ ‘ಅಪ್ಪನಿಗೂ ಗೊತ್ತು’ ಅನ್ನುವ ಮಾತು ಕೇಳಿದ ಮೇಲೆ ಆ ಬೆದರಿಕೆಯಲ್ಲಿ ಅರ್ಧ ಜೀವ ಹೋಯಿತು. ಪರ್ಸಿನ ದುಡ್ಡಿನ ವಿಚಾರ ಈಗ ಎತ್ತಬೇಡಿ.

ಇನ್ನು ಒಂದು ಪೈಸೆಯೂ ಕಳಿಸಬೇಡಿ. ಒಮ್ಮೆ ಕೊಟ್ಟರೆ ಇನ್ನೊಮ್ಮೆ ಕೇಳುತ್ತಾರೆ. ಫೋನ್ ಒಡೆಯುವುದೂ ಬೇಡ, ಚಾಟ್ ಅಳಿಸುವುದೂ ಬೇಡ, ಸಾಕ್ಷಿ ಇರುವುದೇ ಅದರಲ್ಲಿ. ಆ ಖಾತೆಯ ಹೆಸರು, ಪ್ರೊಫೈಲಿನ ಲಿಂಕ್, ದುಡ್ಡು ಹೋದ ನಂಬರು, ತಾರೀಕು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ್ಯಪಿನಲ್ಲೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಮಗನ ಫೋಟೊವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ‘ನೋಡಿ ಸಾರ್’ ಅಂತ ಪೊಲೀಸರಿಗೂ ವಾಟ್ಸಾಪ್ ಮಾಡಬೇಡಿ. ಫೋನನ್ನೇ ತೋರಿಸಿ.

ಫೋಟೊ ಹರಡುವ ಭಯಕ್ಕೆ ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ಇದನ್ನು 2023ರಲ್ಲಿ ಶುರುಮಾಡಿತು, ಬೇರೆ ದೇಶದವರೂ ಬಳಸಬಹುದು. ಫೋಟೊ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರಿಂದ ತಯಾರಾದ ಒಂದು ಸಂಕೇತ ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ಅದನ್ನಿಟ್ಟುಕೊಂಡು ತಮ್ಮಲ್ಲಿ ಬಂದ ಅದೇ ಫೋಟೊವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪಿನಂಥ ಗೂಢಲಿಪಿಯ ಖಾಸಗಿ ಚಾಟಿನಲ್ಲಿ ಹೋದದ್ದಕ್ಕೆ ಮಾತ್ರ ಇದು ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಗಂಡನ ಕಡೆಯ ಸಂಬಂಧಿಯೊಬ್ಬರು ನಮ್ಮ 9 ವರ್ಷದ ಮಗಳನ್ನು ತುಂಬಾ ಹಚ್ಚಿಕೊಂಡಿದ್ದಾರೆ. ಬರುವಾಗೆಲ್ಲ ಉಡುಗೊರೆ. ಒಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ನನಗೆ ಸರಿ ಅನ್ನಿಸುತ್ತಿಲ್ಲ. ಅತ್ತೆ ‘ನಿನಗೆ ಎಲ್ಲರ ಮೇಲೂ ಅನುಮಾನ’ ಅನ್ನುತ್ತಾರೆ.

ಉತ್ತರ: ಮಕ್ಕಳಿಗೆ ತೊಂದರೆ ಕೊಡುವವರಲ್ಲಿ ಜಾಸ್ತಿ ಜನ ಮಗುವಿಗೆ ಗೊತ್ತಿರುವವರೇ. ಮಗುವಿಗಿಂತ ಮೊದಲು ಅವರು ಮನೆಯವರ ವಿಶ್ವಾಸ ಗಳಿಸುತ್ತಾರೆ. ಕಷ್ಟಕ್ಕೆ ಆಗುತ್ತಾರೆ, ದುಡ್ಡು ಕೊಡುತ್ತಾರೆ, ಅತ್ತೆಯ ಬಾಯಲ್ಲಿ ‘ಬಂಗಾರದಂಥವನು’ ಅನ್ನಿಸಿಕೊಳ್ಳುತ್ತಾರೆ. ನಿಮ್ಮ ಸಂಬಂಧಿ ಅಂಥವರು ಅಂತ ನಾನು ಹೇಳುತ್ತಿಲ್ಲ. ಪ್ರೀತಿ ಮಾಡುವುದು ತಪ್ಪಲ್ಲ, ಉಡುಗೊರೆಯೂ ತಪ್ಪಲ್ಲ. ನೋಡಬೇಕಾದದ್ದು ಗುಟ್ಟು ಇದೆಯಾ ಅಂತ, ಮಗುವನ್ನು ಒಂಟಿಯಾಗಿ ಸಿಗಿಸಿಕೊಳ್ಳುವ ಹಟ ಇದೆಯಾ ಅಂತ.

ಒಮ್ಮೆ ನಗುನಗುತ್ತಲೇ ‘ಒಬ್ಬಳನ್ನೇ ಕಳಿಸಲ್ಲ, ನಾನೂ ಬರ್ತೀನಿ’ ಅನ್ನಿ. ಒಳ್ಳೆ ಮನಸ್ಸಿನವರು ‘ಆಯ್ತು, ಬಾರಮ್ಮ’ ಅಂದು ಮರೆತೇಬಿಡುತ್ತಾರೆ. ಮತ್ತೆ ಮತ್ತೆ ಕೇಳಿದರೆ, ಅತ್ತೆಯ ಕೈಲಿ ಹೇಳಿಸಿದರೆ, ಮಗಳೇ ಅಳುವಂತೆ ಮಾಡಿದರೆ, ನೀವಿಲ್ಲದ ಹೊತ್ತು ನೋಡಿ ಬಂದರೆ ಹುಷಾರಾಗಿ. ತಡೆಯುವುದಕ್ಕೆ ಸಾಕ್ಷಿ ಬೇಕಿಲ್ಲ. ‘ಮಗಳನ್ನು ಯಾರ ಜೊತೆಗೂ ಒಬ್ಬಳನ್ನೇ ಕಳಿಸಲ್ಲ’ ಅಂತ ಎಲ್ಲರಿಗೂ ಒಂದೇ ನಿಯಮ ಮಾಡಿ. ಆಗ ಅತ್ತೆಯ ಜೊತೆ ಜಗಳಕ್ಕೂ ಕಾರಣವಿಲ್ಲ. ಇದ್ದರೂ ಇರಲಿ ಬಿಡಿ.

ಮಗಳನ್ನು ಕೇಳುವಾಗ ‘ಅವರು ನಿನ್ನ ಮುಟ್ಟಿದ್ರಾ?’ ಅಂತ ಉತ್ತರವನ್ನು ನೀವೇ ಅವಳ ಬಾಯಿಗೆ ಹಾಕಬೇಡಿ. ‘ಅವರ ಜೊತೆ ಇದ್ದಾಗ ಏನೇನು ಮಾಡ್ತೀರಿ?’ ಅಂತ ಕೇಳಿ ಸುಮ್ಮನಿರಿ. ಅವಳೇ ಹೇಳಲಿ.

ಪ್ರಶ್ನೆ: ನನ್ನ ತಂಗಿಯ ಮಗಳಿಗೆ 13 ವರ್ಷ. ಪರಿಚಯದ ಹೆಂಗಸೊಬ್ಬರು ‘ಊರಾಚೆ ನಮ್ಮವರ ಮನೆಯಲ್ಲಿರಲಿ, ಓದಿಸುತ್ತಾರೆ, ಸ್ವಲ್ಪ ಮನೆಕೆಲಸ ಅಷ್ಟೇ’ ಅನ್ನುತ್ತಿದ್ದಾರೆ. ಹುಡುಗಿಗೂ ಇಷ್ಟ ಇದೆ.

ಉತ್ತರ: ಯಾವ ಶಾಲೆ, ಮನೆ ಎಲ್ಲಿ, ಅವಳ ದಾಖಲೆಗಳು ಯಾರ ಹತ್ತಿರ ಇರುತ್ತವೆ, ಬೇಕೆಂದಾಗ ಅವಳೇ ಫೋನ್ ಮಾಡಬಹುದಾ ಅಂತ ಕೇಳಿ. ಇದಕ್ಕೆ ನೇರ ಉತ್ತರ ಬರದೆ ‘ನಾಳೆಯೇ ಹೊರಡಬೇಕು’ ಅನ್ನುವ ಅವಸರ, ಜೊತೆಗೆ ಕೈಗಿಷ್ಟು ಮುಂಗಡ ಬಂದರೆ ಕಳಿಸಬೇಡಿ. ಹುಡುಗಿಗೆ ಇಷ್ಟ ಇರುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮಾನವ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಒಪ್ಪಂದದ ಪ್ರಕಾರ, ದುಡಿಸಿಕೊಳ್ಳಲು ಕರೆದೊಯ್ದರೆ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈಗಾಗಲೇ ಹೋಗಿರುವ ಮಕ್ಕಳಿದ್ದರೆ ಅವರು ಫೋನಿನಲ್ಲಿ ಮಾತಾಡುವುದನ್ನು ಗಮನಿಸಿ. ಯಾವಾಗಲೂ ಸ್ಪೀಕರ್ ಆನ್, ಯಾವಾಗಲೂ ಅದೇ ‘ಚೆನ್ನಾಗಿದ್ದೀನಿ’ ಅಂತಿದ್ದರೆ ಫೋನಿನಲ್ಲೇ ವಿಚಾರಿಸಲು ಹೋಗಬೇಡಿ. ಪಕ್ಕದಲ್ಲಿ ಯಾರೋ ಕೂತಿರುತ್ತಾರೆ. ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಟ್ಯೂಷನ್ ಹೇಳಿಕೊಡುವವರ ಬಗ್ಗೆ ಮಗಳು ಹೇಳಿದಳು. ನಾವು ಗಾಬರಿಯಾಗಿ ಎಲ್ಲರೂ ಸೇರಿ ಕೇಳಿದೆವು. ಈಗ ‘ಸುಮ್ನೆ ಹೇಳಿದೆ, ಏನೂ ಆಗಿಲ್ಲ’ ಅನ್ನುತ್ತಾಳೆ. ದೂರು ಕೊಟ್ಟರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯವೂ ಇದೆ.

ಉತ್ತರ: ಹೇಳಿದ ಮಾತನ್ನು ಮಕ್ಕಳು ಹಿಂದಕ್ಕೆ ತೆಗೆದುಕೊಳ್ಳುವುದು ಹೊಸತಲ್ಲ. ಮನೆಯವರ ಮುಖ ನೋಡಿ ‘ನನ್ನಿಂದ ಇಷ್ಟೆಲ್ಲ ಆಯ್ತು’ ಅಂದುಕೊಳ್ಳುತ್ತಾರೆ. ಮತ್ತೆ ಮತ್ತೆ ಕೇಳಬೇಡಿ, ಆ ವ್ಯಕ್ತಿಯನ್ನೂ ನೀವೇ ಹೋಗಿ ತರಾಟೆಗೆ ತೆಗೆದುಕೊಳ್ಳಬೇಡಿ, ಅವನು ಸಾಕ್ಷಿ ಅಳಿಸುತ್ತಾನೆ. ಟ್ಯೂಷನ್ ಇವತ್ತೇ ನಿಲ್ಲಿಸಿ. ಅವಳು ಮೊದಲು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಡಿ. ದೈಹಿಕವಾಗಿ ಏನಾದರೂ ಆಗಿರುವ ಸಂಶಯವಿದ್ದರೆ ಆಸ್ಪತ್ರೆ ಮೊದಲು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು.

ಆಮೇಲೆ ದೂರು. ಭಾರತದಲ್ಲಿರುವವರು 1098ಕ್ಕೆ ಫೋನ್ ಮಾಡಿ, ಬೇರೆ ಕಡೆ ಇದ್ದರೆ ಅಲ್ಲಿನ ಮಕ್ಕಳ ಸಹಾಯವಾಣಿಗೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಭಾರತದಲ್ಲಿರುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಆಗ ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಮಾಧ್ಯಮದವರು ಮಗುವಿನ ಗುರುತು ಹೊರಗೆ ಹಾಕುವಂತಿಲ್ಲ. ಗೊತ್ತಿದ್ದೂ ತಿಳಿಸದಿರುವುದೇ ಈ ಕಾಯ್ದೆಯಲ್ಲಿ ಅಪರಾಧ. ಮರ್ಯಾದೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಹೋಗುವುದಿದ್ದರೆ ಅವನದು ಹೋಗಲಿ.

ಪ್ರಶ್ನೆ: 5 ವರ್ಷದ ಮಗನಿಗೆ ಗುಡ್ ಟಚ್, ಬ್ಯಾಡ್ ಟಚ್ ಹೇಳಿಕೊಟ್ಟಿದ್ದೇವೆ. ಸಾಕಲ್ವಾ?

ಉತ್ತರ: ಸಾಲದು. ಕೆಟ್ಟ ಉದ್ದೇಶದ ಮುಟ್ಟುವಿಕೆ ಮಗುವಿಗೆ ಕೆಟ್ಟದು ಅನ್ನಿಸದೆಯೂ ಇರಬಹುದು, ಕಚಗುಳಿಯ ಆಟದ ಹಾಗೇ ಶುರುವಾಗಬಹುದು. ಮೈಯ ಎಲ್ಲ ಭಾಗಗಳ ಸರಿಯಾದ ಹೆಸರು ಕಲಿಸಿ. ‘ಅಮ್ಮನಿಗೆ ಹೇಳಬೇಡ’ ಅಂತ ಯಾರೇ ಅಂದರೂ ಅದನ್ನೇ ಮೊದಲು ಬಂದು ಹೇಳಬೇಕು ಅಂತ ಆಟ ಆಡಿಸಿ ರೂಢಿ ಮಾಡಿ. ಅವನು ಗ್ಲಾಸು ಒಡೆದು ಬಂದು ಹೇಳಿದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನುವುದನ್ನೂ ಅವನು ನೋಡಿಟ್ಟುಕೊಳ್ಳುತ್ತಿರುತ್ತಾನೆ.