ಬರೇ ಬೋಲ್ಟಿಗೆ ಗಣಿ ಛತ್ತು ನಿಲ್ತೈತಾ?

ಪ್ರಶ್ನೆ: ನಮ್ಮಣ್ಣ ಹಟ್ಟಿ ಚಿನ್ನದ ಗಣಿ ಬಿಟ್ಟು ತೆಲಂಗಾಣದ ಕಲ್ಲಿದ್ದಲು ಗಣಿಗೆ ಹೋಗ್ಯಾನ್ರಿ. ಅಲ್ಲಿ ಛತ್ತಿಗೆ ಬೋಲ್ಟ್ ಹೊಡೀತಾರಂತ, ಅಷ್ಟ ಸಾಕಾ?
— ಗಣಿ ಕೆಲಸಗಾರನ ತಂಗಿ, ಲಿಂಗಸುಗೂರು

ಉತ್ತರ: ನಿಲ್ತೈತಿ ತಂಗಿ, ಆದ್ರ ಹೆಂಗ ಕೂಡ್ಸ್ಯಾರ ಅನ್ನೋದರ ಮ್ಯಾಲೆ ಐತಿ. ಹಟ್ಟಿ ಕಲ್ಲು ಗಟ್ಟಿ, ಕಲ್ಲಿದ್ದಲಿನ ಮ್ಯಾಲೆ ಇರೋದು ಮರಳುಗಲ್ಲು, ಶೇಲ್ ಅನ್ನೋ ಜೇಡಿಕಲ್ಲು, ಎಲ್ಲಾ ಪದರ ಪದರ, ಬೋಲ್ಟ್ ಅಂದ್ರ ಛತ್ತಿಗೆ ತೂತು ಕೊರದು ಕೂಡ್ಸೋ ಉಕ್ಕಿನ ಸರಳು, ಅದು ಆ ಪದರ ಬಿಗಿದು ಒಂದ ತೊಲೆ ಇದ್ದಂಗ ಮಾಡ್ತೈತಿ. ಬೋಲ್ಟ್ ತೂತಿನಾಗ ಹಿಡ್ಕೊಳ್ಳಾಕ ಕ್ಯಾಪ್ಸೂಲ್ ಅನ್ನೋ ಸಣ್ಣ ಪೊಟ್ಟಣ ಹಾಕ್ತಾರ, ಸಿಮೆಂಟ್ ಕ್ಯಾಪ್ಸೂಲ್ ಪೂರಾ ಬಿಗಿಯಾಕ ತಾಸುಗಟ್ಲೆ ಬೇಕು, ಅಷ್ಟ್ರಾಗ ಪದರ ಬಿಡಾಕ ಶುರು ಆಗಬಹುದು, ಅದಕ್ಕ ರೆಸಿನ್ ಅನ್ನೋ ಅಂಟಿನ ಕ್ಯಾಪ್ಸೂಲ್ ಮೇಲು, ಒಂದೆರಡು ನಿಮಿಷದಾಗ ಹಿಡಿತೈತಿ. ಆದ್ರ ತೂತು ದೊಡ್ಡದಾದ್ರ ರೆಸಿನ್ ಸರಿ ಮಿಕ್ಸ್ ಆಗಂಗಿಲ್ಲ, 22 ಎಂಎಂ ಬೋಲ್ಟಿಗೆ 27-28 ಎಂಎಂ ತೂತು ಸಾಕು, ರೆಸಿನ್ ಮಿಕ್ಸ್ ಆಗಾಕ ಬೋಲ್ಟ್ ತಿರುಗ್ಸೋದು ಕಮ್ಮಿ ಆದ್ರೂ ಕೆಡ್ತೈತಿ, ಜಾಸ್ತಿ ಆದ್ರೂ ಕೆಡ್ತೈತಿ. ಮುಖ್ಯ ಅಂದ್ರ ಕಲ್ಲಿದ್ದಲು ತೆಗೆದ ಕೂಡ್ಲೇ ಬೋಲ್ಟ್ ಹೊಡೀಬೇಕು, ತಡ ಮಾಡಿದ್ರ ಎಂಥಾ ಬೋಲ್ಟಾದ್ರೂ ಕಷ್ಟ. ಆಮ್ಯಾಲೆ ಕೆಲವು ಬೋಲ್ಟ್ ಜಗ್ಗಿ ಟೆಸ್ಟ್ ಮಾಡ್ಬೇಕು, ಛತ್ತು ಇಳಿಯೋದು ತೋರ್ಸೋ ಟೆಲ್‌ಟೇಲ್ ಕೂರಿಸಿ ದಿನಾ ನೋಡ್ಬೇಕು. ಅಣ್ಣಗ ಹೇಳವ್ವ, ಬೋಲ್ಟ್ ಇನ್ನೂ ಹೊಡೀದೇ ಇರೋ ಜಾಗದ ಕೆಳಗ ಯಾರು ಕರದ್ರೂ ಹೋಗಬ್ಯಾಡ ಅಂತ.