4 ಅಡಿ ಫೋಟೋಗೆ ಒಬ್ಬರು 1,200, ಇನ್ನೊಬ್ಬರು 11,000 ಹೇಳುವುದು ಯಾಕೆ?

ಹಾಲ್ ಗೋಡೆಗೆ 48×32 ಇಂಚಿನ ಫೋಟೋ ಬೇಕು, ಒಂದು ಅಂಗಡಿಯಲ್ಲಿ 1,200 ರೂಪಾಯಿ ಅಂದರು, ಇನ್ನೊಂದರಲ್ಲಿ 11,000, ಎರಡನೆಯವರು ಟೋಪಿ ಹಾಕುತ್ತಿದ್ದಾರಾ ಅಂತ ಕೇಳಿದ್ದೀರಿ. ಬಹುಶಃ ಇಲ್ಲ. ಇಬ್ಬರೂ ಮಾರುತ್ತಿರುವುದು ಬೇರೆ ಬೇರೆ ವಸ್ತು.

ನಿಮ್ಮ ಅಳತೆ ಸುಮಾರು 10.7 ಚದರ ಅಡಿ. 1,200 ಅಂದರೆ ಚದರ ಅಡಿಗೆ 112 ರೂಪಾಯಿ. ಈ ರೇಟಿಗೆ ಸಿಗುವುದು ಹೆಚ್ಚಾಗಿ ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಳೆ ಮೇಲೆ ಪ್ರಿಂಟ್ ಹೊಡೆದು ಸನ್‌ಬೋರ್ಡ್‌ಗೆ, ಅಂದರೆ ಹಗುರವಾದ ಫೋಮ್ ಹಲಗೆಗೆ, ಅಂಟಿಸಿದ್ದು. ಅಂಗಡಿ ಬೋರ್ಡ್ ಮಾಡುವವರ ಮಷೀನು, ಸಾಮಾನ್ಯವಾಗಿ ನಾಲ್ಕೇ ಬಣ್ಣದ ಇಂಕು. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. 11,000 ಹೇಳಿದವರು ಹತ್ತಿಯ ನಾರಿನ ದಪ್ಪ ಕಾಗದದ ಮೇಲೆ, ಹತ್ತು ಹನ್ನೆರಡು ಬಣ್ಣದ ಪಿಗ್ಮೆಂಟ್ ಇಂಕಿನಲ್ಲಿ (ಬಣ್ಣದ ಸಣ್ಣ ಕಣಗಳಿರುವ ಇಂಕು) ಮಾಡಿಕೊಡುವವರಿರಬೇಕು. ಅದು ಬೇಗ ಮಾಸುವುದಿಲ್ಲ, ನೆರಳಿನ ಭಾಗದಲ್ಲೂ ವಿವರ ಉಳಿಯುತ್ತದೆ. ಇಬ್ಬರ ಹತ್ತಿರವೂ ಒಂದೇ ಮಾತು ಕೇಳಿ: ಯಾವ ಪೇಪರ್, ಯಾವ ಇಂಕು, ಫ್ರೇಮ್ ಮತ್ತು ಜಿಎಸ್‌ಟಿ ಸೇರಿದೆಯಾ? ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಖರ್ಚು ಇಳಿಸಬೇಕು ಅಂದರೆ ಮೊದಲು ಅಳತೆಯ ಮೇಲೆ ಕೈ ಇಡಿ. ಉದ್ದ ಅಗಲ ಎರಡೂ ದುಪ್ಪಟ್ಟಾದರೆ ಕಾಗದ ನಾಲ್ಕು ಪಟ್ಟು. 20×30 ಇಂಚು ಅಂದರೆ 600 ಚದರ ಇಂಚು, ನಿಮ್ಮದು 1,536. ಸೋಫಾ ಮೇಲೆ 20×30 ಅಷ್ಟು ಸಣ್ಣದೇನೂ ಕಾಣಲ್ಲ. ಹಳೇ ಪೇಪರ್ ಹಾಳೆಗಳನ್ನು ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ನೋಡಿ. ನಾನು ಹಾಗೆ ನೋಡಿಯೇ ಒಮ್ಮೆ ಅಳತೆ ಇಳಿಸಿದೆ.

ರೋಲ್ ಅಗಲವನ್ನೂ ಕೇಳಿ. ಪೇಪರ್ ರೋಲ್ ಸಾಮಾನ್ಯವಾಗಿ 24, 36, 44 ಇಂಚು ಅಗಲ ಬರುತ್ತದೆ. ನಿಮ್ಮ 32 ಇಂಚನ್ನು 44ರ ರೋಲ್‌ನಲ್ಲಿ ಹೊಡೆದರೆ ಪಕ್ಕದ 12 ಇಂಚು ಪಟ್ಟಿ ಸುಮ್ನೆ ಹೋಗುತ್ತದೆ. ಕೆಲವರು ಅದಕ್ಕೂ ದುಡ್ಡು ಹಾಕುತ್ತಾರೆ. ಹಾಗೆ ಹಾಕಿದರೆ ಬಿಡಬೇಡಿ, ಆ ಪಟ್ಟಿಯಲ್ಲೇ 8×10ರ ನಾಲ್ಕೈದು ಫೋಟೋ ಹೊಡೆಸಿಕೊಳ್ಳಿ. ನಮ್ಮ ಮನೆಯ ಸಣ್ಣ ಫೋಟೋಗಳೆಲ್ಲ ಹೀಗೆ ಬಂದವೇ.

ಫೋಟೋ ಅಷ್ಟು ದೊಡ್ಡದಾಗಿ ತಡೆಯುತ್ತದಾ ಅನ್ನುವುದು ಬೇರೆ ವಿಷಯ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಫೈಲು 48 ಇಂಚಿಗೆ ಹೋದರೆ ಇಂಚಿಗೆ 125 ಪಿಕ್ಸೆಲ್. ಐದಾರು ಅಡಿ ದೂರದಿಂದ ನೋಡುವ ಗೋಡೆಗೆ ಸಾಕು. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವವರ ಮಾತಿಗೆ ಹೆದರಬೇಡಿ, ಅದು ಕೈಯಲ್ಲಿ ಹಿಡಿದು ನೋಡುವ ಆಲ್ಬಂ ಲೆಕ್ಕ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಫೈಲು ಕುಗ್ಗಿಬಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ಕೊಡಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಪೂರ್ತಿ ಹೊಡೆಸುವ ಮೊದಲು, ಮುಖವೋ ಎಲೆಯೋ ಇರುವ ಒಂದು ತುಂಡನ್ನು ಅದೇ ಗಾತ್ರದಲ್ಲಿ, ಅದೇ ಪೇಪರ್ ಮೇಲೆ ತೆಗೆಸಿ ನೋಡಿ. ಮೊಬೈಲ್ ಪರದೆಯಲ್ಲಿ ಫಳಫಳ ಹೊಳೆಯುವ ಚಿತ್ರ ಕಾಗದದ ಮೇಲೆ ಹೆಚ್ಚಾಗಿ ಮಬ್ಬಾಗಿ ಬರುತ್ತದೆ. ನೂರಿನ್ನೂರು ರೂಪಾಯಿಯಲ್ಲಿ ಅದು ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?

ಈಗ ಫ್ರೇಮು. ನಾನು ಪೆಟ್ಟು ತಿಂದದ್ದು ಇಲ್ಲೇ. ಮಲೆನಾಡಿನ ನಮ್ಮ ಮನೆಗೆ ಶರಾವತಿ ಹಿನ್ನೀರಿನ ಒಂದು ಫೋಟೋ ದೊಡ್ಡದಾಗಿ ಮಾಡಿಸಿದ್ದೆ. ಪ್ರಿಂಟಿಗೆ ಧಾರಾಳವಾಗಿ ಕೊಟ್ಟು, ಫ್ರೇಮಿನಲ್ಲಿ ಉಳಿಸಲು ಹೋದೆ. ಫೋಟೋ ಸುತ್ತ ಕೂರಿಸುವ ದಪ್ಪ ರಟ್ಟು, ಅದೇ ಮೌಂಟ್ ಬೋರ್ಡ್, ಬೇಡ ಅಂದೆ, ಅಂಗಡಿಯವರು ಗಾಜನ್ನು ನೇರ ಫೋಟೋ ಮೇಲೆಯೇ ಕೂರಿಸಿ ಕೊಟ್ಟರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಹೊಕ್ಕು, ಆಕಾಶದ ಜಾಗದಲ್ಲಿ ಎಣ್ಣೆ ಹಚ್ಚಿದ ಹಾಗೆ ಒಂದು ಮಚ್ಚೆ. ಬಿಚ್ಚಲು ಹೋದರೆ ಅಂಗೈ ಅಗಲದ ಆಕಾಶ ಗಾಜಿಗೇ ಅಂಟಿಕೊಂಡು ಬಂತು. ಪ್ರಿಂಟ್ ಪೂರ್ತಿ ದಂಡ. ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡಿನ ಅಂತರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಕರಾವಳಿ, ಮಲೆನಾಡಿನವರು ಇದೊಂದರಲ್ಲಿ ಜುಗ್ಗತನ ಮಾಡಬೇಡಿ. ಗಾಜೇ ಬೇಡ ಅಂದರೆ ಕ್ಯಾನ್ವಾಸ್ ಮೇಲೆ ಹೊಡೆಸಿ ಮರದ ಚೌಕಟ್ಟಿಗೆ ಎಳೆದು ಕಟ್ಟಿಸಿ. ನುಣುಪು ಕಡಿಮೆ, ಆದರೆ ಗಾಜಿನ ಖರ್ಚೂ ಇಲ್ಲ, ಭಾರವೂ ಇಲ್ಲ.

ಭಾರ ಅಂದೆನಲ್ಲ, ನಿಮ್ಮ ಅಳತೆಗೆ 3 ಎಂಎಂ ಗಾಜೊಂದೇ ಸುಮಾರು ಏಳೂವರೆ ಕೆಜಿ. ಅಷ್ಟೇ ದಪ್ಪದ ಅಕ್ರಿಲಿಕ್ (ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್) ಹಾಕಿಸಿದರೆ ಅದರ ಅರ್ಧಕ್ಕಿಂತ ಕಡಿಮೆ, ಆದರೆ ಒರಟು ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಯಾವುದೇ ಆಗಲಿ, ಒಂದೇ ಮೊಳೆಗೆ ನೇತು ಹಾಕಬೇಡಿ. ಡ್ರಿಲ್ ಮಾಡಿಸಿ ಎರಡು ಕಡೆ ಸ್ಕ್ರೂ ಹಾಕಿಸಿ. ಮನೆಗೆ ತರುವ ಬಾಡಿಗೆಯನ್ನೂ ಬಜೆಟ್‌ನಲ್ಲಿ ಇಟ್ಟುಕೊಳ್ಳಿ. 4 ಅಡಿ ಗಾಜಿನ ಫ್ರೇಮನ್ನು ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಂದವನು ನಾನು. ಪ್ರತಿ ಹಂಪ್‌ಗೂ ಜೀವ ಬಾಯಿಗೆ ಬರುತ್ತಿತ್ತು.