ಹಳ್ಳಿ ಮನೆ ಸುತ್ತ ಹಕ್ಕಿ, ಹೂ, ಮಳೆ ಗಮನಿಸುದು ಎಲ್ಲಿಂದ ಶುರು ಮಾಡುದು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ರ ತೋಟದ ಮನೆಗೆ ಬಂದಿದ್ದೇವೆ, ಹಕ್ಕಿ ಹೂ ಎಲ್ಲ ಬೇಕಾದಷ್ಟು ಉಂಟು, ಒಂದರ ಹೆಸರೂ ಗೊತ್ತಿಲ್ಲ, ಒಳ್ಳೆ ಕ್ಯಾಮರಾ ತಗೊಂಡೇ ಶುರು ಮಾಡ್ಬೇಕಾ ಅಂತ ಕೇಳಿದ್ದೀರಿ ಅಲ್ವಾ. ಕ್ಯಾಮರಾ ಈಗ ಬೇಡ ಮಾರಾಯ್ರೆ. ಹೆಸರೂ ನಿಧಾನಕ್ಕೆ ಬರ್ತದೆ. ನಾನು ಪೆರ್ಲದ ಕಡೆಯವ, ಬೆಳೆದದ್ದೆಲ್ಲ ಅಡಿಕೆ ತೋಟದೊಳಗೆ, ಈ ಅಡಿಕೆ ತೋಟ ಕಾಡು ಬಳ್ಳಿಗಳ ಮಧ್ಯೆ ಕಣ್ಣಿಗೆ ಕಾಣುದು ಕಡಿಮೆ, ಕೇಳುದು ಜಾಸ್ತಿ. ಹಾಗಾಗಿ ಮೊದಲು ಕಿವಿ. ಮತ್ತೆ ಒಂದು ನೋಟ್‌ಬುಕ್ಕು. ಅದರಲ್ಲಿ ಯಾವುದು ಬಂತು ಅಂತ ಬರೆಯುವಷ್ಟೇ ಗಟ್ಟಿಯಾಗಿ ಯಾವುದು ಕೇಳುದು, ಕಾಣುದು ನಿಂತಿತು ಅಂತಲೂ ಬರೀರಿ. ಬಂದದ್ದು ಯಾರಿಗಾದ್ರೂ ಗೊತ್ತಾಗ್ತದೆ, ನಿಂತದ್ದು ಬರೆದಿಡದೆ ಗೊತ್ತೇ ಆಗುದಿಲ್ಲ.

ಕೋಗಿಲೆಯನ್ನೇ ತಗೊಳ್ಳಿ. ಎಷ್ಟೋ ಜನ ಅದು ಬೇಸಿಗೆಗೆ ಎಲ್ಲಿಂದಲೋ ಬರುವ ಹಕ್ಕಿ ಅಂತ ತಿಳ್ಕೊಂಡಿದ್ದಾರೆ, ಅದು ವರ್ಷ ಇಡೀ ಇಲ್ಲೇ ಇರ್ತದೆ, ಕಾಗೆ ಗೂಡು ಕಟ್ಟುವ ಸಮಯ ಹತ್ರ ಬರುವಾಗ ಗಂಡು ಕೂಗ್ಲಿಕ್ಕೆ ಶುರು ಮಾಡ್ತದೆ, ಮೊಟ್ಟೆ ಇಡುದು ಕಾಗೆ ಗೂಡಿನಲ್ಲಿ ಅಲ್ವಾ, ಆ ಕೆಲಸ ಮುಗಿದ ಮೇಲೆ ಬಾಯಿ ಮುಚ್ಚಿ ಎಲೆಗಳ ಒಳಗೆ ಕೂತಿರ್ತದೆ. ನವರಂಗದ ಕಥೆ ಬೇರೆ, ಅದು ನಿಜವಾಗಿಯೂ ಹೊರಗಿಂದ ಬರುವವ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡು ಅಲ್ಲೆಲ್ಲ ಮರಿ ಮಾಡಿ ಅಕ್ಟೋಬರ್ ಸುಮಾರಿಗೆ ನಮ್ಮ ತೋಟಕ್ಕೆ ಇಳಿತದೆ, ಏಪ್ರಿಲ್ ಆಗುವಾಗ ವಾಪಸ್. ಬೆಳಿಗ್ಗೆ ಬೆಳಕು ಹರಿಯುವಾಗ, ಸಂಜೆ ಕತ್ತಲಾಗುವಾಗ ಎರಡು ಸ್ವರದ ಜೋರು ಸಿಳ್ಳೆ ಕೇಳಿದ್ರೆ ಅದೇ. ರಾತ್ರಿ ಹಾರಿ ಬರುವ ಹಕ್ಕಿ ಆದ ಕಾರಣ ಹೊಸತಾಗಿ ಬಂದಾಗ ಲೈಟಿಗೆ, ಕಿಟಕಿ ಗಾಜಿಗೆ ಬಡಿದು ಅಂಗಳದಲ್ಲಿ ಬಿದ್ದಿರುದುಂಟು. ಹಾಗೆ ಸಿಕ್ಕಿದ್ರೆ ಗಾಳಿ ಆಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಸ್ವಲ್ಪ ಹೊತ್ತು ಇಡಿ, ಬಾಯಿಗೆ ನೀರು ಹುಯ್ಯಬೇಡಿ, ಚೇತರಿಸಿದ್ರೆ ಮರದ ಬುಡಕ್ಕೆ ಬಿಡಿ.

ಸಿಳ್ಳಾರ ಇದಕ್ಕೆ ಉಲ್ಟಾ. ನಿಮ್ಮ ತೋಟದ ಕೆಳಗೆ ತೋಡು ಇದ್ದೇ ಇರ್ತದೆ, ಮೊದಲ ಮಳೆ ಬಿದ್ದು ತೋಡಿನಲ್ಲಿ ನೀರು ಹರಿಯುವಾಗ ನಸುಕಿಗೇ ಯಾರೋ ಹುಡುಗ ಹಾಡು ಮರೆತು ಮರೆತು ಸಿಳ್ಳೆ ಹೊಡೆದ ಹಾಗೆ ಕೇಳ್ತದೆ, ಕರಿನೀಲಿ ಬಣ್ಣದ ಹಕ್ಕಿ, ಮಳೆಗಾಲ ಇಡೀ ಹಾಡಿ ಮಳೆ ಬಿಟ್ಟ ಮೇಲೆ ಸುಮ್ಮನಾಗ್ತದೆ. ಅಂದ್ರೆ ಸಿಳ್ಳಾರ ನಿಂತು ನವರಂಗ ಶುರುವಾಗುವ ಮಧ್ಯೆ ಕೆಲವು ದಿನ ತೋಟ ಸಪ್ಪೆ ಇರ್ತದೆ, ಆ ಸಂದನ್ನು ಹಿಡೀಲಿಕ್ಕೆ ಆದ್ರೆ ಮಳೆಗಾಲ ಮುಗಿದದ್ದು ಕ್ಯಾಲೆಂಡರ್ ನೋಡದೆ ಗೊತ್ತಾಗ್ತದೆ. ಬಾಲ ಕುಣಿಸುವ ಬೂದು ಸಿಪಿಲೆ ಮಾತ್ರ ನವರಂಗಕ್ಕಿಂತ ಬೇಗ, ಸೆಪ್ಟೆಂಬರಿನಲ್ಲೇ ತೋಡಿನ ಕಲ್ಲಿನ ಮೇಲೆ ಹಾಜರ್.

ಹೆಸರಿಗೆ ಮರ್ಲಿನ್ ಅಂತ ಫ್ರೀ ಆ್ಯಪ್ ಉಂಟು, ಕಾರ್ನೆಲ್ ಯೂನಿವರ್ಸಿಟಿಯವರದ್ದು, ಮೊಬೈಲಿನಲ್ಲಿ ಕೂಗು ಕೇಳಿಸಿದ್ರೆ ಹೇಳ್ತದೆ. ಮಳೆ ಸದ್ದಿನಲ್ಲಿ ನಂಬಬೇಡಿ, ಕಣ್ಣಾರೆ ನೋಡಿದ ಮೇಲೆ ಬರೀರಿ.

ಹೂವಿಗೆ ನನ್ನ ಸಲಹೆ, ಮನೆ ಹತ್ರದ ಒಂದೇ ಒಂದು ಮರ ಆರಿಸಿ, ವಾರಕ್ಕೊಮ್ಮೆ ಅದೇ ಮರವನ್ನು ನೋಡಿ, ಚಿಗುರು ಉಂಟಾ, ಮೊಗ್ಗು ಉಂಟಾ, ಹೂ, ಕಾಯಿ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದನ್ನೇ ದೇಶ ಇಡೀ ಮಾಡಿಸ್ತದೆ, ಕೇರಳದಲ್ಲಿ ಶಾಲೆ ಮಕ್ಕಳೇ ತುಂಬ ಇದ್ದಾರೆ, ನೀವೂ ಸೇರ್ಬಹುದು. ಕಕ್ಕೆ ಮರ ಇದ್ರೆ ಬಿಡಬೇಡಿ, ಬಿಸು ಹಬ್ಬದ ಕಣಿಗೆ ಏಪ್ರಿಲ್ ಮಧ್ಯದಲ್ಲಿ ಬೇಕಾದ ಹೂ ಅದು, ಈಗೀಗ ಅದಕ್ಕಿಂತ ಎಷ್ಟೋ ಮೊದಲೇ ಅರಳಿ ಉದುರುದುಂಟು, ಅದನ್ನು ದಿನಾಂಕ ಹಾಕಿ ಬರೆದಿಟ್ಟವರ ಮಾತಿಗೆ ಬೆಲೆ ಉಂಟು. ಹಾಲೆ ಮರವೂ ಒಳ್ಳೇದು. ಆಟಿ ಅಮಾವಾಸ್ಯೆಗೆ ಇದರ ತೊಗಟೆಯ ಕಷಾಯ ಕುಡಿತಾರೆ, ಹೂ ಬಿಡುದು ಮಳೆ ಬಿಟ್ಟ ಮೇಲೆ, ರಾತ್ರಿ ಅಂಗಳಕ್ಕೆ ಬಂದ್ರೆ ಪರಿಮಳ ತಲೆಗೆ ಹತ್ತುವಷ್ಟು. ಆದ್ರೆ ತೊಗಟೆ ನೀವೇ ಕೆತ್ತಲಿಕ್ಕೆ ಹೋಗಬೇಡಿ, ಅದನ್ನು ತರುದು ನಸುಕಿಗೆ, ಆ ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ್ದು ತಂದ್ರೆ ಅದು ಜೀವ ತೆಗೆಯುವ ವಿಷ, ತಿಳಿದ ಹಿರಿಯರೇ ತರಬೇಕು. ಆ ಕಾಸರಕವೇ ಈಗ ನಮ್ಮ ಜಿಲ್ಲೆಯ ಮರ. 2023ರಲ್ಲಿ ಕಾಸರಗೋಡಿಗೆ ಅಂತಲೇ ಹಕ್ಕಿ, ಮರ, ಹೂ ಘೋಷಣೆ ಮಾಡಿದ್ದಾರೆ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಹೂ ಪೆರಿಯ ಪೋಳತ್ತಾಳಿ. ಈ ಪೋಳತ್ತಾಳಿ ಮಳೆಗಾಲದ ತೋಡಿನ ನೀರಿನಲ್ಲೇ ಬೆಳೆಯುವ ಬಿಳಿ ಹೂ, ತೋಡು ಬತ್ತಿದ್ರೆ ಗಡ್ಡೆ ಮಣ್ಣಿನೊಳಗೆ ಕಾಯ್ತದೆ.

ಆಗಸ್ಟ್ ಸೆಪ್ಟೆಂಬರಿನಲ್ಲಿ ಬಿಸಿಲು ಬಂದ ಒಂದು ದಿನ ದಯವಿಟ್ಟು ಹತ್ತಿರದ ಪದವಿಗೆ, ಅಂದ್ರೆ ಮುರಕಲ್ಲಿನ ಬಯಲು ಗುಡ್ಡಕ್ಕೆ, ಹೋಗಿ. ಬರೀ ಮುರಕಲ್ಲು ಅಂತ ಜನ ಸಸಾರ ಮಾಡುವ ಜಾಗ, ಆ ತಿಂಗಳಲ್ಲಿ ನೆಲ ಇಡೀ ನೀಲಿ. ಓಣಂ ಹೂವಿನ ರಂಗೋಲಿಗೆ, ಪೂಕಳಕ್ಕೆ, ಹಾಕುವ ಕಾಕಪ್ಪೂ ಅದು. ಮುರಕಲ್ಲಿನ ತೆಳು ಮಣ್ಣಿನಲ್ಲಿ ಸಾರ ಇಲ್ಲ, ಅದಕ್ಕೆ ಆ ಸಣ್ಣ ಗಿಡ ಬುಡದ ನೀರಿನಲ್ಲಿ ಪುಟ್ಟ ಚೀಲ ಇಟ್ಕೊಂಡು ಸೂಕ್ಷ್ಮ ಜೀವಿಗಳನ್ನು ಹಿಡಿದು ತಿಂತದೆ. ಇಂಥ ಪದವನ್ನು ಜೆಸಿಬಿ ತಂದು ಕಲ್ಲು ಕೀಳಲಿಕ್ಕೆ ಕೊಡುದು ನೋಡುವಾಗ ನನಗೆ ಹೊಟ್ಟೆ ಉರಿತದೆ, ಮಳೆ ನೀರು ಇಂಗಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗಗಳಿಗೆ ಬರುದೂ ಅಲ್ಲಿಂದಲೇ.

ನಿಂತದ್ದನ್ನು ಬರೆಯಿರಿ ಅಂತ ನಾನು ಒತ್ತಿ ಹೇಳುದಕ್ಕೆ ಕಾರಣ ಉಂಟು. ನಮ್ಮ ಎಣ್ಮಕಜೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡ್ತಿದ್ದ ಕಾಲದಲ್ಲಿ ಜೇನು ಸಾಯ್ತಾ ಉಂಟು, ಮೀನು ಸಾಯ್ತಾ ಉಂಟು, ಹಕ್ಕಿ ಇಲ್ಲ ಅಂತ ಊರವರು ಹೇಳ್ತಾ ಇದ್ರು, ಕೇಳುವವರು ಸಿಗ್ಲಿಕ್ಕೆ ಎಷ್ಟೋ ವರ್ಷ ಹೋಯ್ತು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಮನೆ ಮನೆಯಲ್ಲಿ ದಿನಾಂಕ ಹಾಕಿದ ನೋಟ್‌ಬುಕ್ಕು ಇರ್ತಿದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಅಂತ ನನಗೆ ಈಗಳೂ ಅನಿಸ್ತದೆ.

ಇನ್ನೊಂದು, ತೋಟ ಕ್ಲೀನ್ ಮಾಡುವಾಗ ಒಣಗಿದ ಗೆಲ್ಲು ಕಂಡ ಕೂಡ್ಲೆ ಕಡಿಸಬೇಡಿ. ಡಿಸೆಂಬರಿನಿಂದ ದಿನ ಇಡೀ ಕುಟ್ರೂ ಕುಟ್ರೂ ಅಂತ ಕೇಳುವ ಹಸಿರು ಕುಟುರ ಹಕ್ಕಿ ಅಂಥ ಗೆಲ್ಲಿನಲ್ಲೇ ತೂತು ಕೊರೆದು ಮರಿ ಮಾಡುದು. ಗೋಳಿ ಮರ ಇದ್ರೆ ಅದನ್ನಂತೂ ಮುಟ್ಟಲೇಬೇಡಿ, ಹಣ್ಣಾದಾಗ ಕುಟುರ, ಹಸಿರು ಪಾರಿವಾಳ, ಅದೃಷ್ಟ ಇದ್ರೆ ಮಂಗಟ್ಟೆ, ಎಲ್ಲ ನಿಮ್ಮ ಮನೆ ಬಾಗಿಲಿಗೇ ಬರ್ತವೆ. ಕ್ಯಾಮರಾ ಬೇಕು ಅಂತ ಅನಿಸಿದ್ರೆ ಆಗ ತಗೊಳ್ಳಿ.